ಜ್ವರಕ್ಕೊಂದು ಪುಸ್ತಕ

ಲೈಬ್ರರಿ ಪುಸ್ತಕದ ಹಾಳೆ ಹರಿಯುವವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ಒಂದು ಶಾಖಾ ಗ್ರಂಥಾಲಯ ನೋಡಿಕೊಂಡವನು ನಾನು. ಹೆಸರು ನಂಜಪ್ಪ, ಕುದೂರಿನವನು. ಪತ್ತೇದಾರಿ ಕಾದಂಬರಿಯ ಕೊನೇ ಹಾಳೆ ಹರಿದು ಜೇಬಿಗಿಟ್ಟುಕೊಂಡ ಹೈಸ್ಕೂಲ್ ಮೇಷ್ಟ್ರನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೇನೆ. ಅಡುಗೆ ಪುಸ್ತಕದಿಂದ ಮೈಸೂರುಪಾಕಿನ ಪುಟವನ್ನು ಬ್ಲೇಡಿನಲ್ಲಿ ಕೊಯ್ದುಕೊಂಡು ಹೋದ ಹೆಂಗಸಿನ ಮನೆಗೇ ಹೋಗಿ ಪುಟ ವಾಪಸ್ ತಂದಿದ್ದೇನೆ. ಅದಕ್ಕೆ ತುಪ್ಪ ಮೆತ್ತಿಕೊಂಡಿತ್ತು. ಹಾಗೇ ಅಂಟಿಸಿದೆ.

ಆ ಗ್ರಂಥಾಲಯ ಇದ್ದದ್ದು ಹಾರೋಹಳ್ಳಿಗೂ ಕನಕಪುರಕ್ಕೂ ನಡುವಿನ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತದೆ. ಪಿಂಚಣಿ ತಿನ್ನುವ ಮನುಷ್ಯ ಒಂದಿಷ್ಟು ಹುಷಾರಾಗಿರಬೇಕು.

ನನ್ನ ಸರ್ವೀಸಿನಲ್ಲಿ, ತೆಗೆದುಕೊಂಡು ಹೋದ ಪುಸ್ತಕವನ್ನು ಒಂದು ದಿನವೂ ತಡ ಮಾಡದೆ ತಂದುಕೊಟ್ಟವಳು ಒಬ್ಬಳೇ, ರಾಧಾಮಣಿ. ರೇಷ್ಮೆ ಹುಳ ಸಾಕುವವಳು, ಏಳನೇ ಕ್ಲಾಸಿನವರೆಗೆ ಓದಿದವಳು. ಅವಳು ಬರುವ ದಿನ ನಮ್ಮ ಕ್ಯಾಲೆಂಡರಿನ ಪ್ರಕಾರ ಇರುತ್ತಿರಲಿಲ್ಲ, ಹುಳದ ಪ್ರಕಾರ ಇರುತ್ತಿತ್ತು. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ; ತಲೆ ಎತ್ತಿಕೊಂಡು ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂತಿರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ಹುಳಕ್ಕೆ ಜ್ವರ ಬಂದರೆ ಸಾಕಿದವರಿಗೆ ರಜ. ಮಿಕ್ಕ ದಿನವೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ತಟ್ಟೆ ಬದಲಿಸಿ ಹಿಕ್ಕೆ ಬಳಿಯುವುದು. ರಾಧಾಮಣಿ ಓದುತ್ತಿದ್ದದ್ದು ಜ್ವರದ ದಿನಗಳಲ್ಲಿ ಮಾತ್ರ. ವರ್ಷಕ್ಕೆ ಐದು ಬೆಳೆ, ಬೆಳೆಗೆ ನಾಲ್ಕು ಜ್ವರ, ಇಪ್ಪತ್ತು ಪುಸ್ತಕ.

"ಸಾರ್, ನಾಳಿದ್ದು ಎರಡನೇ ಜ್ವರ. ತೆಳ್ಳಗಿರೋದು ಒಂದು ಕೊಡಿ" ಅನ್ನುವಳು. ದಪ್ಪ ಪುಸ್ತಕ ನಾಲ್ಕನೇ ಜ್ವರಕ್ಕೆ ಮಾತ್ರ. ಅದಾದ ಮೇಲೆ ಒಂದು ವಾರ ಹುಳಗಳು ರಾಕ್ಷಸರ ಹಾಗೆ ತಿನ್ನುತ್ತವೆ. ಆಗ ಓದು ಹಾಳಾಗಿ ಹೋಗಲಿ, ತಲೆ ಬಾಚಿಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ.

ನನ್ನ ತಲೆ ಕೆಡಿಸಿದ್ದು ಬೇರೆ ವಿಷಯ. ಆ ಇಪ್ಪತ್ತರಲ್ಲಿ ಏಳು ಪುಸ್ತಕ ಪ್ರತಿ ವರ್ಷವೂ ಅವೇ. ನಮ್ಮಲ್ಲೊಂದು ಪದ್ಧತಿ ಇತ್ತು: ಐದು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ಪಟ್ಟಿ ಮಾಡಿ ರದ್ದಿಗೆ ಹಾಕಬಹುದು. ಕೂರಲಿಕ್ಕೇ ಜಾಗವಿಲ್ಲದ ನನಗೆ ಇದು ಬಲು ಪ್ರೀತಿಯ ಕೆಲಸ. ಪ್ರತಿ ಮಾರ್ಚ್ ತಿಂಗಳಲ್ಲೂ ಆ ಏಳನ್ನು ಖುಷಿಯಿಂದ ಹೊರಗೆಳೆಯುವುದು, ಹಿಂದೆ ಅಂಟಿಸಿದ ಚೀಟಿಯಲ್ಲಿ ಆ ವರ್ಷದ್ದು ಅಂತ ಒಂದೇ ಒಂದು ಸೀಲು ಕಂಡು ಗೊಣಗಿಕೊಂಡು ವಾಪಸ್ ಇಡುವುದು. ಒಂದೊಂದರಲ್ಲೂ ಹನ್ನೊಂದು ಸೀಲು ಇದ್ದವು. ಹನ್ನೊಂದೂ ಅವಳವೇ.

ಒಂದು ದಿನ ಕೇಳಿಯೇ ಬಿಟ್ಟೆ. "ಇದನ್ನ ಹೋದ ವರ್ಷಾನೂ ತಗೊಂಡಿದ್ದೆಯಲ್ಲಮ್ಮ. ಇನ್ನೂ ಬಾಯಿಪಾಠ ಆಗಿಲ್ವಾ?"

"ನಂಗಾಗೈತೆ ಸಾರ್. ಅಕ್ಕಂಗೆ ಓದಾಕೆ ಬರಲ್ವಲ್ಲ. ನಾನ್ ಓದ್ತೀನಿ, ಅವ್ಳು ಕೇಳ್ತಾಳೆ."

ಅಕ್ಕ ಅಂದರೆ ದೊಡ್ಡಲಕ್ಷ್ಮಮ್ಮ. ಒಡಹುಟ್ಟಿದ ಅಕ್ಕನಲ್ಲ. ದೊಡ್ಡಲಕ್ಷ್ಮಮ್ಮನನ್ನು ಮಾಗಡಿ ಕಡೆಗೆ ಕೊಟ್ಟಿದ್ದರು. ಒಂದು ವರ್ಷ ಇದ್ದು, ಏನೂ ಹೇಳದೆ ಎದ್ದು ಬಂದಳು. ತಮ್ಮಂದಿರು ಊರಾಚೆ ಒಂದು ಮನೆ, ಮೂವತ್ತು ಗುಂಟೆ ರೇಷ್ಮೆ ತೋಟ ಬಿಟ್ಟುಕೊಟ್ಟು ಕೈ ತೊಳೆದುಕೊಂಡರು. ಸೊಪ್ಪು ಕೊಯ್ಯಲು ಒಂದು ಬೆಳೆಗೆ ಅಂತ ರಾಧಾಮಣಿ ಕೂಲಿಗೆ ಬಂದಳು. ಆ ಬೆಳೆ ಮುಗಿದು ಹದಿನೆಂಟು ವರ್ಷವಾದರೂ ಅವಳು ಹೋಗಿರಲಿಲ್ಲ. ಊರಿನವರು ಏನೂ ಕೇಳಲಿಲ್ಲ, ಹುಳ ಸಾಕಲು ನಾಲ್ಕು ಕೈ ಬೇಕೇ ಬೇಕು.

ದಿನಾ ಪೇಪರ್ ಓದಲು ಬರುತ್ತಿದ್ದ ಅಂಕಯ್ಯನೊಬ್ಬ ಒಂದು ಸಲ ಬಾಯಿಬಿಟ್ಟ. "ಅವ್ರಿಬ್ರುದೂ ಅದೇನ್ ಸಂಸಾರನೋ ಸಾರ್. ಜಗಳಾನೂ ಗಂಡ ಎಂಡ್ರಂಗೇ ಆಡ್ತಾರೆ ಕನಿ." ಕೆಟ್ಟದಾಗಿ ಹೇಳಲಿಲ್ಲ, ನಾಳೆ ಮೋಡ ಇರುತ್ತೆ ಅನ್ನುವ ಹಾಗೆ ಹೇಳಿ ಪುಟ ತಿರುಗಿಸಿದ. ನನಗೆ ಮಾತ್ರ ಏನೋ ತಟ್ಟಿದ ಹಾಗಾಯಿತು. ಆ ಭಾನುವಾರ ಅವಳ ಏಳರಲ್ಲಿ ಒಂದನ್ನು ಮನೆಗೆ ತೆಗೆದುಕೊಂಡು ಹೋದೆ.

ನಾನು ಕಾದಂಬರಿ ಓದುವವನಲ್ಲ. ಲೈಬ್ರರಿಯವನು ಓದುತ್ತ ಕೂತರೆ ಪುಸ್ತಕ ಕಾಯುವವರು ಯಾರು? ಶೀರ್ಷಿಕೆ ನೋಡಿ ಕಪಾಟಿಗೆ ಹಾಕುತ್ತಿದ್ದೆ, ಅಷ್ಟೇ. ಇದರ ಶೀರ್ಷಿಕೆಯಲ್ಲಿ ಗರಡಿ ಅಂತ ಇದ್ದದ್ದರಿಂದ ಕ್ರೀಡೆಯ ಕಪಾಟಿನಲ್ಲಿತ್ತು. ಬೋರ, ಚೆಲುವ ಅಂತ ಇಬ್ಬರು ಪೈಲ್ವಾನರು. ಒಂದೇ ಗರಡಿಯಲ್ಲಿ ಸಾಮು ಮಾಡುವುದು, ಒಬ್ಬರ ಬೆನ್ನಿಗೊಬ್ಬರು ಎಣ್ಣೆ ತಿಕ್ಕುವುದು. ನಲವತ್ತು ಪುಟದವರೆಗೆ ನಾನು ಇದನ್ನು ಕ್ರೀಡೆ ಅಂತಲೇ ತಿಳಿದು ಓದಿದೆ. ನಲವತ್ತೊಂದನೇ ಪುಟದಲ್ಲಿ ಬೋರ ಚೆಲುವನ ಕೈ ಹಿಡಿದುಕೊಂಡು, ನೀನು ಮದುವೆ ಆದರೆ ನಾನು ಉಳಿಯುವುದಿಲ್ಲ ಅಂದ. ಪುಸ್ತಕ ಮುಚ್ಚಿದೆ. ಒಂದು ಲೋಟ ನೀರು ಕುಡಿದೆ. ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ತೆಗೆದೆ. ಸುಳ್ಳು ಯಾಕೆ ಹೇಳಲಿ, ಬಿಡುವ ಹಾಗಿರಲಿಲ್ಲ, ಚೆನ್ನಾಗಿತ್ತು.

ಕೊನೆಯಲ್ಲಿ ಚೆಲುವನಿಗೆ ಮದುವೆ ಮಾಡುತ್ತಾರೆ, ಬೋರ ಬಾವಿಗೆ ಬೀಳುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ಇದ್ದಬದ್ದ ಪೈಲ್ವಾನರನ್ನೆಲ್ಲ ಚಿತ್ ಮಾಡಿದವನನ್ನು ತೆಗೆದುಕೊಂಡು ಹೋಗಿ ಒಂದು ಬಾವಿಗೆ ಹಾಕಿದನಲ್ಲ ಇದನ್ನು ಬರೆದ ಮಹಾರಾಯ! ಮಿಕ್ಕ ಆರನ್ನೂ ಒಂದೊಂದಾಗಿ ಓದಿದೆ. ಆರೋಗ್ಯದ ಕಪಾಟಿನಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ಹಾಸ್ಟೆಲಿನ ಇಬ್ಬರು ನರ್ಸುಗಳು. ಒಬ್ಬಳು ಮಾತ್ರೆ ನುಂಗುತ್ತಾಳೆ. ಪ್ರವಾಸದಲ್ಲಿ ಇಟ್ಟಿದ್ದು ಅನುವಾದ, ಹಡಗಿನ ಇಬ್ಬರು ಗಂಡಸರು, ಒಬ್ಬ ಮುಳುಗುತ್ತಾನೆ. ನಾಟಕ ಕಂಪನಿಯಲ್ಲಿ ಹೆಂಗಸಿನ ಪಾರ್ಟು ಮಾಡುವವನಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಪ್ರೀತಿ. ಹಾರ್ಮೋನಿಯಂ ಮೇಷ್ಟ್ರಿಗೆ ಕ್ಷಯ. ಒಂದರಲ್ಲಿ ಯಾರೂ ಸಾಯುವುದಿಲ್ಲ, ಇಬ್ಬರು ಹುಡುಗಿಯರಿಗೂ ಬೇರೆ ಬೇರೆ ಊರಿಗೆ ಮದುವೆ ಮಾಡಿ ಕಳಿಸುತ್ತಾರೆ, ಅತ್ತುಕೊಂಡು ಹೋಗುತ್ತಾರೆ. ಏಳರಲ್ಲಿ ಅದೇ ವಾಸಿ.

ಮುಂದಿನ ಜ್ವರಕ್ಕೆ ರಾಧಾಮಣಿ ಬಂದಾಗ ತಡೆಯಲಾಗಲಿಲ್ಲ. "ಅಲ್ಲಮ್ಮ, ಪ್ರತಿ ವರ್ಷ ಇದೇ ಸಾವುಗಳನ್ನ ಓದಿ ಹೇಳ್ತೀಯಲ್ಲ ಆಯಮ್ಮನಿಗೆ?"

ಅವಳು ಗಾಬರಿಯಾದಳು. "ಸಾರ್ ಓದುದ್ರಾ?"

"ಓದಿದೆ."

"ಏಳೂನೂವೆ?"

"ಏಳೂ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬೀರು ಮಾತ್ರ ಬದ್ಲಾಯಿಸ್ಬ್ಯಾಡಿ ಸಾರ್. ಅಲ್ಲೇ ಇದ್ರೆ ಯಾರೂ ಮುಟ್ಟಾಕಿಲ್ಲ" ಅಂದಳು. ತಪ್ಪು ಕಪಾಟು ಅಂತ ಗೊತ್ತಿದ್ದೂ ಪುಸ್ತಕಗಳನ್ನು ಅಲ್ಲೇ ಬಿಟ್ಟೆ. ಸರ್ವೀಸಿನಲ್ಲಿ ಅದು ನನ್ನ ಮೊದಲನೇ ತಪ್ಪು.

ಅಷ್ಟು ಹೊತ್ತಿಗೆ ಹಾರೋಹಳ್ಳಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮ ಕಡೆಗೆ ಬರತೊಡಗಿದ್ದವು. ಎರಡು ಸಾವಿರದ ಆರರಲ್ಲಿ ಊರಾಚೆಯ ಜಮೀನುಗಳಿಗೂ ನೋಟೀಸು ಬಂತು. ದೊಡ್ಡಲಕ್ಷ್ಮಮ್ಮನ ಮೂವತ್ತು ಗುಂಟೆಯೂ ಅದರಲ್ಲಿತ್ತು. ಮನೆ ಉಳಿಯಿತು, ತೋಟ ಹೋಗುವುದಿತ್ತು. ಸೊಪ್ಪಿಲ್ಲದೆ ಹುಳವಿಲ್ಲ, ಹುಳವಿಲ್ಲದೆ ಜ್ವರವಿಲ್ಲ. ಮಾರನೇ ವರ್ಷ ಫೆಬ್ರವರಿಯಲ್ಲಿ ಅವರು ಇಟ್ಟದ್ದು ಕೊನೇ ಬೆಳೆ ಅಂತ ಇಡೀ ಊರಿಗೆ ಗೊತ್ತಿತ್ತು.

ಅದೇ ಸಮಯಕ್ಕೆ ರಾಧಾಮಣಿಯ ಕಣ್ಣು ಮಂಜಾಗಿತ್ತು. ಓದು ನಿಧಾನವಾಗಿ, ಒಂದು ಪುಸ್ತಕಕ್ಕೆ ಎರಡು ಜ್ವರ ಹಿಡಿಯುತ್ತಿತ್ತು. ಪೈಲ್ವಾನರ ಪುಸ್ತಕವನ್ನು ಮೂರನೇ ಜ್ವರಕ್ಕೆ ಶುರು ಮಾಡಿ ಅರ್ಧ ಓದಿದ್ದಳು. ಅಷ್ಟರಲ್ಲಿ ಕನಕಪುರದಲ್ಲಿ ಉಚಿತ ಕಣ್ಣಿನ ಕ್ಯಾಂಪ್ ಬಂತು. ಎಡಗಣ್ಣಿನ ಪೊರೆ ತೆಗೆದು, ಹಸಿರು ಬಟ್ಟೆ ಕಟ್ಟಿ ಕಳಿಸಿದರು. ಬಲಗಣ್ಣಿಗೆ ಇನ್ನೊಂದು ಕ್ಯಾಂಪಿನಲ್ಲಿ ಬಾ ಅಂದರಂತೆ.

ಆಗ ದೊಡ್ಡಲಕ್ಷ್ಮಮ್ಮ ಜೀವಮಾನದಲ್ಲೇ ಮೊದಲ ಸಲ ಲೈಬ್ರರಿಗೆ ಬಂದಳು. ದೇವಸ್ಥಾನಕ್ಕೆ ಬಂದ ಹಾಗೆ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬಾಗಿಲಲ್ಲಿ ನಿಂತಳು. ದೊಡ್ಡ ಆಳು, ಗಂಟಲೂ ದೊಡ್ಡದು.

"ಸಾಮಿ, ನಾಳೀಕೆ ನಾಲ್ಕನೇ ಜ್ವರ. ನೀವು ಬಂದು ಓದ್ಬೇಕು."

"ನಾನಾ?"

"ಮಣಿ ಕಣ್ಗೆ ಕಟ್ಟವ್ರೆ. ಕತೆ ಅರ್ಧಕ್ಕೆ ನಿಂತೈತೆ. ಇನ್ಮುಂದುಕ್ಕೆ ನಮ್ಗೆ ಇಂಥ ದಿನ ಬರಾಕಿಲ್ಲ. ತ್ವಾಟ ಓಯ್ತದೆ, ಇಬ್ರೂ ಪ್ಯಾಕ್ಟ್ರಿಗೆ ಸೇರ್ಕತೀವಿ. ಕಡೇದು ಇದು. ಕೇಳ್ದೆ ಬುಟ್ರೆ ನಂಗೆ ಸಮಾಧಾನ ಆಗಾಕಿಲ್ಲ."

ಓದುಗರ ಮನೆಗೆ ಹೋಗಿ ಓದಿ ಹೇಳಬೇಕು ಅಂತ ಯಾವ ನಿಯಮಾವಳಿಯಲ್ಲೂ ಇಲ್ಲ ಅಂದೆ. ಆಕೆ ಅಲ್ಲೇ ನಿಂತಿದ್ದಳು. ಹದಿನೈದು ನಿಮಿಷವಾದರೂ ಅಲ್ಲೇ ನಿಂತಿದ್ದಳು. ಕೊನೆಗೆ ಅರ್ಧ ದಿನ ರಜೆ ಬರೆದೆ. ಕಾರಣ ಅನ್ನುವ ಕಡೆ "ಜ್ವರ" ಅಂತ ಹಾಕಿದೆ. ಅದೇನೂ ಸುಳ್ಳಲ್ಲ.

ಮನೆಯ ತುಂಬ ಹುಳದ ತಟ್ಟೆ, ಹಸಿ ಸೊಪ್ಪಿನ ವಾಸನೆ. ಹುಳಗಳೆಲ್ಲ ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದವು. ರಾಧಾಮಣಿ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಅವಳಿಗೆ ಸಂತೋಷವಾದ ಹಾಗೆ ಕಾಣಲಿಲ್ಲ.

"ಸಾರ್, ನೀವ್ಯಾಕೆ ತೊಂದ್ರೆ ತಗಂಡ್ರಿ. ಕಡೇ ಅಧ್ಯಾಯ ನಂಗೆ ಬಾಯಿಪಾಠ ಐತೆ, ನಾನೇ ಯೋಳ್ತೀನಿ. ಅಲ್ಲೀಗಂಟ ಓದಿ ಸಾಕು."

"ನೀನ್ ಸುಮ್ಕಿರೇ" ಅಂದಳು ದೊಡ್ಡಲಕ್ಷ್ಮಮ್ಮ, ನನಗೆ ಕಾಫಿ ಕೊಡುತ್ತ. "ಜಾಸ್ತಿ ಮಾತಾಡ್ಬ್ಯಾಡ, ಅಳ್ಬ್ಯಾಡ ಅಂತ ಡಾಕ್ಟ್ರು ಯೋಳಿಲ್ವಾ? ಸಾಮಿ ಓದ್ತಾರೆ. ಓದಾಕೇ ಅಲ್ವಾ ಗೌರ್ಮೆಂಟ್ನೋರು ಅವ್ರ್ನ ಮಡಗಿರಾದು."

ರಾಧಾಮಣಿ ನನ್ನ ಕಡೆ ಮಂಜುಗಣ್ಣು ತಿರುಗಿಸಿ ತಲೆ ಅಲ್ಲಾಡಿಸಿದಳು. ಕಾಫಿಗೆ ಸಕ್ಕರೆ ಕಡಿಮೆಯಾಯಿತೇ ಅಂತ ಕೇಳುತ್ತಿದ್ದಾಳೆ ಅಂತ ತಿಳಿದು, ಸರಿಯಾಗಿದೆಯಮ್ಮ ಅಂದೆ. ನನ್ನಂಥ ದಡ್ಡ ಇನ್ನೊಬ್ಬ ಇರಲಿಕ್ಕಿಲ್ಲ.

ಓದಲು ಕೂತೆ. ಮಧ್ಯಾಹ್ನ ಕಳೆದು ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಕೊನೇ ಅಧ್ಯಾಯ ಬಂತು. ರಾಧಾಮಣಿ ಎರಡು ಸಲ ಕೆಮ್ಮಿದಳು, ಒಂದು ಸಲ ನೀರು ಕೇಳಿದಳು, ಮುದ್ದೆ ಮಾಡೋ ಹೊತ್ತಾಯ್ತು ಅಂದಳು. ನಾನು ಲೈಬ್ರರಿಯ ಗತ್ತಿನಲ್ಲಿ ಓದುತ್ತಲೇ ಹೋದೆ. ಚೆಲುವನ ಮನೆ ಮುಂದೆ ಚಪ್ಪರ ಎದ್ದಿತು. ಬೋರ ಗರಡಿಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಕಲ್ಲಿನ ಕೆಳಗಿಟ್ಟು, ಬಾವಿಯ ಕಡೆ ನಡೆದ.

"ನಿಲ್ಸಿ" ಅಂದಳು ದೊಡ್ಡಲಕ್ಷ್ಮಮ್ಮ.

ನಿಲ್ಲಿಸಿದೆ.

"ಯಾವ್ ಬಾವಿ?"

"ಊರ ಬಾವಿ."

"ಇದ್ರಲ್ಲಿ ಬಾವಿ ಇಲ್ವಲ್ಲ."

"ಇದೆಯಮ್ಮ. ಇಲ್ಲಿ ಬರೆದಿದೆ ನೋಡು" ಅಂತ, ಓದಲು ಬಾರದವಳಿಗೆ ಪುಸ್ತಕ ತೋರಿಸಿದೆ.

"ಏನ್ ಸಾಮಿ ನೀವು! ಹನ್ನೆರಡು ವರ್ಸದಿಂದ ಕೇಳ್ತಾ ಇವ್ನಿ ಈ ಕತೇನ. ಚಪ್ಪರ ಆಕ್ದ ದಿನ ಬೆಳಿಗ್ಗೇನೇ ಇಬ್ರೂ ಬಸ್ಸು ಅತ್ಕಂಡು ಕೊಳ್ಳೇಗಾಲದ ಕಡೀಕ್ ಓಯ್ತಾರೆ. ಎರಡು ಎಮ್ಮೆ ತತ್ತಾರೆ. ಆಲು ಆಕ್ಕಂಡು ಬದ್ಕತಾರೆ. ನಿಮ್ಗೆ ಓದಾಕೆ ಬರಾಕಿಲ್ವಾ?"

ಗ್ರಂಥಾಲಯ ವಿಜ್ಞಾನದಲ್ಲಿ ಸರ್ಟಿಫಿಕೇಟ್ ಮಾಡಿದವನು ನಾನು. ಕೋಪದಿಂದ ಬಾಯಿ ತೆರೆದೆ. ಅಷ್ಟರಲ್ಲಿ ರಾಧಾಮಣಿಯನ್ನು ನೋಡಿದೆ. ಅವಳ ಕೈ ಚಾಪೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಸಿರು ಬಟ್ಟೆಯ ಕೆಳಗಿಂದ ನೀರು ಇಳಿಯುತ್ತಿತ್ತು. ಅಳಬಾರದು ಅಂತ ಡಾಕ್ಟರು ಹೇಳಿದ್ದ ಕಣ್ಣು ಅದು. ಆಗ ನನ್ನ ಮಂದ ತಲೆಗೆ ಹೊಳೆಯಿತು. ಹನ್ನೆರಡು ವರ್ಷದಿಂದ ಇವಳು ಆ ಬಾವಿಯನ್ನು ಓದಿಯೇ ಇಲ್ಲ.

"ತಡಿಯಮ್ಮ" ಅಂದೆ. ಪುಟವನ್ನು ಬೆರಳಿನಲ್ಲಿ ತಿಕ್ಕಿದೆ. "ಎರಡು ಹಾಳೆ ಅಂಟಿಕೊಂಡಿದ್ದವು. ಬೇರೆ ಎಲ್ಲೋ ಓದಿಬಿಟ್ಟೆ."

"ಅದುಕ್ಕೇ ಮತ್ತೆ!" ಅಂದಳು ದೊಡ್ಡಲಕ್ಷ್ಮಮ್ಮ. "ಈ ಲೈಬ್ರರಿ ಪುಸ್ತಕಗಳ್ದು ಇದೇ ಗೋಳು. ಇಂದೆ ಒಂದ್ಸಲ ಮಣಿಗೂ ಇಂಗೇ ಅಂಟ್ಕಂಡಿದ್ವು."

ನಾನು ಜನ್ಮದಲ್ಲಿ ಕಟ್ಟುಕತೆ ಅಂತ ಬರೆದದ್ದು ತಿಂಗಳ ಪ್ರಗತಿ ವರದಿ ಮಾತ್ರ. ಆದರೂ ಪುಸ್ತಕವನ್ನು ಮುಖಕ್ಕೆ ಹಿಡಿದು ಶುರು ಮಾಡಿದೆ. ಬೋರನೂ ಚೆಲುವನೂ ಬಸ್ಸು ಹತ್ತಿದರು. ಕೊಳ್ಳೇಗಾಲದಲ್ಲಿ ಇಳಿದರು. ಎಮ್ಮೆ ತಂದರು. ಒಂದರ ಹೆಸರು ಗಂಗೆ ಅಂದೆ.

"ಅಲ್ಲ ಸಾಮಿ. ಒಂದು ಕಪ್ಪಿ, ಇನ್ನೊಂದು ಚುಕ್ಕಿ."

"ಹೌದು, ಚುಕ್ಕಿ. ಅಚ್ಚು ಸರಿಯಾಗಿಲ್ಲ."

ಹೀಗೆ ನಾನು ಎಡವುವುದು, ಆಕೆ ತಿದ್ದುವುದು. ಮೂರನೇ ಪುಟಕ್ಕೆ ಕತೆಯನ್ನೆಲ್ಲ ಆಕೆಯೇ ಹೇಳುತ್ತಿದ್ದಳು. ನನ್ನದು ಹಾಳೆ ತಿರುಗಿಸುವ ಕೆಲಸ. ಬೋರನಿಗೆ ಮಂಡಿನೋವು ಬಂತು, ಚೆಲುವ ಎಣ್ಣೆ ತಿಕ್ಕಿದ. ಕೊನೆಗೆ ಇಬ್ಬರೂ ಮುದುಕರಾಗಿ ಜಗಲಿಯ ಮೇಲೆ ಕೂತು, ಬೆಳಿಗ್ಗೆ ಎದ್ದು ಒಲೆ ಯಾರು ಹಚ್ಚಬೇಕು ಅಂತ ಜಗಳ ಆಡಿದರು. ದೊಡ್ಡಲಕ್ಷ್ಮಮ್ಮ ಅದನ್ನು ಹೇಳಿ ಗಹಗಹಿಸಿ ನಕ್ಕು, "ಇವ್ರು ಬದ್ಕಂತಾರೆ ಬುಡು" ಅಂತ ಎದ್ದು ಮುದ್ದೆಗೆ ಎಸರಿಟ್ಟಳು. ನಾನು ಹೊರಡುವಾಗ ರಾಧಾಮಣಿ ಕೈ ಮುಗಿದಳು.

ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ತೋಟಕ್ಕೆ ಜೆಸಿಬಿ ಬಂತು. ಇಬ್ಬರೂ ಒಂದೇ ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದರು, ಆದರೆ ಪಾಳಿ ಬೇರೆ ಬೇರೆ. ರಾಧಾಮಣಿಯದು ಬೆಳಗಿನದು, ದೊಡ್ಡಲಕ್ಷ್ಮಮ್ಮನದು ಮಧ್ಯಾಹ್ನದ್ದು. ಒಬ್ಬಳು ಬರುವಾಗ ಇನ್ನೊಬ್ಬಳು ಹೊರಡುವಳು. ಬಸ್ ಸ್ಟ್ಯಾಂಡಿನಲ್ಲಿ ಮನೆಯ ಬೀಗದ ಕೈ ಕೈ ಬದಲಾಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕಾರ್ಖಾನೆಗೆ ಜ್ವರ ಬರುವುದಿಲ್ಲ. ಒಂದೂವರೆ ವರ್ಷ ರಾಧಾಮಣಿ ಒಂದೂ ಪುಸ್ತಕ ತೆಗೆದುಕೊಂಡು ಹೋಗಲಿಲ್ಲ. ಆ ಮಾರ್ಚಿನಲ್ಲಿ ಏಳರ ಚೀಟಿಗಳಲ್ಲೂ ಹೊಸ ಸೀಲು ಇರಲಿಲ್ಲ. ನಾನು ಅವನ್ನು ಹೊರಗೆಳೆಯಲೇ ಇಲ್ಲ.

ಆಮೇಲೆ ಒಂದು ದಿನ ಕೆಲಸದ ಸಮವಸ್ತ್ರದಲ್ಲೇ ಓಡೋಡಿ ಬಂದಳು. ಎರಡೂ ಕಣ್ಣಿನ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದಿತ್ತು.

"ಸಾರ್, ಅಕ್ಕ ಅಕ್ಸರ ಕಲೀತಾವ್ಳೆ."

"ಒಳ್ಳೇದಲ್ವಾ?"

"ಎಬ್ಬೆಟ್ಟು ಒತ್ತಂಗಿಲ್ಲ, ಸೈನ್ ಮಾಡ್ಬೇಕು ಅಂತ ಪ್ಯಾಕ್ಟ್ರೀಲಿ ಅಂದ್ರು. ಇಸ್ಕೂಲ್ನಲ್ಲಿ ಭಾನ್ವಾರ ಕ್ಲಾಸ್ ಮಾಡ್ತಾರಲ್ಲ, ಅಲ್ಲೀಗೋಗಿ ಸೇರ್ಕಂಡ್ಲು. ಸೈನ್ ಕಲ್ತ್ಲು, ಅಲ್ಲೀಗ್ ನಿಲ್ಸ್ಲಿಲ್ಲ. ನೀನಂತೂ ಮನೇಲಿ ಇರಾಕಿಲ್ಲ, ಇನ್ ನಾನೇ ಓದ್ಕತೀನಿ ಅಂತಾಳೆ. ನೆನ್ನೆ ಬಸ್ ಬೋರ್ಡ್ ಓದುದ್ಲು ಸಾರ್. ಇಡೀ ಬೋರ್ಡು!" ಅಂದು, ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು.

ಅವತ್ತು ಎಲ್ಲ ಹೇಳಿದಳು. ಮೊದಲ ವರ್ಷ ಓದಿದ್ದು ನರ್ಸುಗಳ ಪುಸ್ತಕ. ಇದ್ದದ್ದನ್ನು ಇದ್ದ ಹಾಗೇ ಓದಿದ್ದಳು. ಮಾತ್ರೆ ನುಂಗಿದವಳು ಸತ್ತಳು. ದೊಡ್ಡಲಕ್ಷ್ಮಮ್ಮ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಸೊಪ್ಪು ಹಾಕುತ್ತ ಕೇಳಿದಳಂತೆ: "ನಮ್ಮಂಗಿರೋರು ಇನ್ಯಾರೂ ಇಲ್ಲ ಅಂದ್ಕಂಡಿದ್ದೆ ಮಣಿ. ಅವ್ರೆ ಅಂತ ನೀನು ಓದುದ್ಮ್ಯಾಲೆ ಗೊತ್ತಾಯ್ತು. ಆದ್ರೆ ಅವ್ರೂ ಉಳೀನಿಲ್ವಲ್ಲ. ಅಂಗಾರೆ ನಾವು?"

"ನಾನೇನ್ ಯೋಳ್ಲಿ ಸಾರ್?" ಅಂದಳು ರಾಧಾಮಣಿ. "ಆಳೆ ಎರಡು ಅಂಟ್ಕಂಡಿದ್ವು, ತಪ್ ಓದ್ಬುಟ್ಟೆ ಅಂದೆ. ಮತ್ತೆ ಓದುದೆ. ಉಳುಸ್ದೆ. ಆಮ್ಯಾಕೆ ಯಾರ್ನೂ ಸಾಯಾಕ್ ಬುಡ್ಲಿಲ್ಲ. ಎಲ್ಲ ಪುಸ್ತಕದಲ್ಲೂ ಉಳುಸ್ದೆ. ಈಗ ಅವ್ಳೇ ಓದುದ್ರೆ? ನಾನ್ ಸುಳ್ ಯೋಳ್ದೆ ಅಂತ ಓಗ್ಲಿ ಬುಡಿ, ಬೈಲಿ. ಅವ್ರೆಲ್ಲ ಸತ್ತೇ ಓಗವ್ರೆ ಅಂತ ಈ ವಯಸ್ನಲ್ಲಿ ಗೊತ್ತಾದ್ರೆ ಅವ್ಳು ತಡ್ಕತಾಳಾ?"

ಪುಸ್ತಕಗಳನ್ನು ರದ್ದಿಗೆ ಹಾಕಿಬಿಡೋಣ ಅಂದೆ. "ಬ್ಯಾಡಿ, ಅವೇ ಬೇಕು ಅಂತ ಕೂತವ್ಳೆ" ಅಂದಳು.

ಅವಳು ಹೋದ ಮೇಲೆ ಬಾಗಿಲು ಹಾಕಿದೆ. ಮಧ್ಯಾಹ್ನ ಮೂರು ಗಂಟೆ. ಓದುಗರು ಬಂದು ಬಡಿದು ಬೈದು ಹೋದರು. ಕ್ರೀಡೆಯಿಂದ, ಆರೋಗ್ಯದಿಂದ, ಪ್ರವಾಸದಿಂದ ಏಳನ್ನೂ ತಂದು ಮೇಜಿನ ಮೇಲಿಟ್ಟೆ. ಹೊಸ ಬ್ಲೇಡು ತೆಗೆದೆ. ಬೋರನ ಬಾವಿ ಹನ್ನೊಂದು ಪುಟ ಇತ್ತು. ಮಾತ್ರೆ, ಕ್ಷಯ, ಸಮುದ್ರ, ಇಬ್ಬರು ಹುಡುಗಿಯರ ಮದುವೆ ಎಲ್ಲವನ್ನೂ ಹೊಲಿಗೆಗೆ ಪೆಟ್ಟಾಗದ ಹಾಗೆ ಬುಡಕ್ಕೆ ಕೊಯ್ದೆ. ಅಷ್ಟು ವರ್ಷ ಯಾರ ಮೇಲೆ ಹಲ್ಲು ಕಡಿದಿದ್ದೆನೋ ಅವರ ಸಾಲಿಗೇ ಸೇರಿದೆ. ಕೊಯ್ದದ್ದನ್ನು ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾದಿತು. ರಿಜಿಸ್ಟರಿನಲ್ಲಿ ಏಳರ ಎದುರೂ "ಕೊನೆಯ ಪುಟಗಳು ಇಲ್ಲ. ತಪ್ಪಿತಸ್ಥರು ಪತ್ತೆಯಾಗಿಲ್ಲ" ಅಂತ ಬರೆದು ಸಹಿ ಮಾಡಿದೆ.

ದೊಡ್ಡಲಕ್ಷ್ಮಮ್ಮ ಬಂದು ಕಾರ್ಡು ಮಾಡಿಸಿಕೊಂಡಳು. ಸಹಿ ಮಾಡಲು ಕಾಲು ಗಂಟೆ ಹಿಡಿಯಿತು. ಪೈಲ್ವಾನರ ಪುಸ್ತಕವನ್ನೇ ಕೇಳಿ ತೆಗೆದುಕೊಂಡಳು. ಐದು ತಿಂಗಳು ವಾಪಸ್ ಬರಲಿಲ್ಲ. ಬೇರೆ ಯಾರೇ ಆಗಿದ್ದರೂ ಮನೆಗೆ ಹೋಗಿ ಗಲಾಟೆ ಮಾಡುತ್ತಿದ್ದೆ.

ಐದನೇ ತಿಂಗಳು ಬಂದಳು, ಬೆಂಕಿಯಾಗಿ. ಹಿಂದೆ ರಾಧಾಮಣಿ.

"ಯಾವ್ ಆಳಾದೋನ್ ಸಾಮಿ ಇದ್ರ ಆಳೆ ಅರ್ದಿರೋನು? ಒಂದೊಂದ್ ಅಕ್ಸರ ಕೂಡುಸ್ಕಂಡು ಐದ್ ತಿಂಗ್ಳು ಓದಿವ್ನಿ, ಚಪ್ಪರ ಆಕೋಗಂಟ ಬಂದೆ, ಮುಂದುಕ್ ಇಲ್ವೇ ಇಲ್ಲ! ಅವ್ನ ಕೈ ಸೇದೋಗ!"

"ಹುಡುಕ್ತಾ ಇದ್ದೀವಮ್ಮ" ಅಂದೆ, ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು.

"ಉಡ್ಕದು ಇರ್ಲಿ. ಮುಂದೆ ಏನೈತೆ ಅಂತ ನಂಗೊತ್ತಲ್ಲ, ಬರ್ದಿವ್ನಿ. ಅಂಟುಸ್ಬುಡಿ. ಇನ್ಯಾರಾರ ನಮ್ಮಂಥೋರು ಓದಾಕ್ ಬಂದ್ರೆ, ಕಡೆ ಗೊತ್ತಾಗ್ದೆ ಅವ್ರ್ಯಾಕೆ ಒದ್ದಾಡ್ಬೇಕು?"

ಗೆರೆ ಹಾಕಿದ ನೋಟ್‌ಬುಕ್ಕಿನ ಒಂಬತ್ತು ಹಾಳೆ. ಒಂದೊಂದು ಅಕ್ಷರವೂ ಬೆರಳುದ್ದ, ಕೆಲವು ಗೆರೆಯಿಂದ ಕೆಳಗೆ ಬಿದ್ದಿದ್ದವು. ಬಸ್ಸಿತ್ತು, ಕೊಳ್ಳೇಗಾಲವಿತ್ತು, ಕಪ್ಪಿ ಚುಕ್ಕಿ ಇದ್ದವು, ಮಂಡಿನೋವಿತ್ತು, ಒಲೆಯ ಜಗಳವಿತ್ತು. ಮಿಕ್ಕ ಆರನ್ನೂ ಓದಿ ಬರೆದುಕೊಡುತ್ತೇನೆ, ಆದರೆ ಹೊತ್ತಾಗುತ್ತದೆ ಅಂದಳು. ಆಗಲಿ ಅಂದೆ. ರಾಧಾಮಣಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದಳು.

ಅವರ ಎದುರಿಗೇ ಅಂಟು ಹಚ್ಚಿ, ಹಾಳೆಗಳನ್ನು ಒಂದೊಂದಾಗಿ ಕೂರಿಸಿದೆ. ಒಂಬತ್ತನೇ ಹಾಳೆಯ ಕೊನೆಯಲ್ಲಿ, ಕತೆ ಮುಗಿದ ಮೇಲೆ, ಒಂದು ಗೆರೆ ಎಳೆದು ಕೆಳಗೆ ಹೀಗೆ ಬರೆದಿದ್ದಳು: "ಬಾವಿಗೆ ಯಾರೂ ಬೀಳಲಿಲ್ಲ. ಅದು ಲೈಬ್ರರಿ ಸಾಮಿ ತಪ್ಪು ಓದಿದ್ದು."

ಅದರ ಪಕ್ಕದಲ್ಲಿ ಗ್ರಂಥಾಲಯದ ಸೀಲು ಒತ್ತಿ, ಪುಸ್ತಕವನ್ನು ಕ್ರೀಡೆಯ ಕಪಾಟಿನಲ್ಲಿ ಇಟ್ಟೆ.